ಹಗುರ ಲೋಹದಲ್ಲಿ ಶಾಖದ ಹಾದಿ: ಮೆಗ್ನೀಸಿಯಂ ಮಿಶ್ರಲೋಹಗಳ ಉಷ್ಣವಾಹಕತೆಯ ಚರಿತ್ರೆ, ಮಂಡ್ಯ ಸೀಮೆಯ ನೆಲೆಯಿಂದ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆರಂಭದ ಒತ್ತಡ 35,000 ವೋಲ್ಟ್. ತಂತಿಯಲ್ಲಿ ಶಾಖವಾಗಿ ಸೋರಿಹೋಗುವ ಶಕ್ತಿಯನ್ನು ತಗ್ಗಿಸಲು ಅಷ್ಟು ಒತ್ತಡ ಬೇಕಾಗಿತ್ತು. ಲೋಹದೊಳಗೆ ವಿದ್ಯುತ್ತನ್ನು ಹೊರುವ ಎಲೆಕ್ಟ್ರಾನುಗಳೇ ಶಾಖದ ಬಹುಪಾಲನ್ನೂ ಹೊರುತ್ತವೆ. ಎಲೆಕ್ಟ್ರಾನಿನ ಸುಳಿವೇ ಇಲ್ಲದ 1853ರಲ್ಲಿ ವೀಡಮನ್ ಮತ್ತು ಫ್ರಾಂಜ್ ಎಂಬ ವಿಜ್ಞಾನಿಗಳು ಶಾಖ ಮತ್ತು ವಿದ್ಯುತ್ ವಾಹಕತೆಗಳ ಈ ನಂಟನ್ನು ಪ್ರಯೋಗದಿಂದ ತೋರಿಸಿದ್ದರು. 1872ರಲ್ಲಿ ಲೊರೆಂಜ್ ಆ ನಂಟಿನ ಸೂತ್ರದೊಳಕ್ಕೆ ತಾಪಮಾನವನ್ನು ತಂದ. ಮೆಗ್ನೀಸಿಯಂ ಮಿಶ್ರಲೋಹಗಳ ಉಷ್ಣವಾಹಕತೆಯ ಲೆಕ್ಕಾಚಾರಕ್ಕೆ ಇಂದಿಗೂ ಇದೇ ತಳಹದಿ.

ಹಂಫ್ರಿ ಡೇವಿ 1808ರಲ್ಲಿ ಬೇರ್ಪಡಿಸಿದ ಮೆಗ್ನೀಸಿಯಮ್ಮಿನ ಸಾಂದ್ರತೆ ಘನ ಸೆಂ.ಮೀ.ಗೆ 1.74 ಗ್ರಾಂ, ಅಲ್ಯೂಮಿನಿಯಮ್ಮಿನದು 2.70. ತೂಕದಲ್ಲಿ ಗೆದ್ದರೂ ಅಪ್ಪಟ ಲೋಹ ಮೆದು. 1909ರ ಸುಮಾರಿಗೆ ಜರ್ಮನಿಯಲ್ಲಿ 'ಎಲೆಕ್ಟ್ರಾನ್' ಹೆಸರಿನ ಮಿಶ್ರಲೋಹ ಬಂದ ಮೇಲೆ ಅಲ್ಯೂಮಿನಿಯಂ, ಸತು ಬೆರೆಸಿ ಗಟ್ಟಿ ಮಾಡುವ ದಾರಿ ತೆರೆಯಿತು. ಗಟ್ಟಿತನ ಪುಕ್ಕಟೆ ಬರಲಿಲ್ಲ. ಕೋಣೆಯ ತಾಪಮಾನದಲ್ಲಿ ಅಪ್ಪಟ ಮೆಗ್ನೀಸಿಯಮ್ಮಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 156 ವ್ಯಾಟ್. ಶೇ. 9ರಷ್ಟು ಅಲ್ಯೂಮಿನಿಯಂ, ಶೇ. 1ರಷ್ಟು ಸತು ಸೇರಿದ ಎಝಡ್91ರಲ್ಲಿ ಅದು 50ರಿಂದ 75ರ ಆಸುಪಾಸಿಗೆ ಇಳಿಯುತ್ತದೆ.

ತಾಪಮಾನ ಏರಿದಾಗಲೇ ನಿಜವಾದ ಕುತೂಹಲ. ಅಪ್ಪಟ ಮೆಗ್ನೀಸಿಯಂ ಬಿಸಿಯಾದಂತೆ ಅದರ ಉಷ್ಣವಾಹಕತೆ ಮೆಲ್ಲನೆ ಕುಗ್ಗುತ್ತದೆ; ಎಝಡ್91ರದು ಹೆಚ್ಚುತ್ತದೆ. ಅಪ್ಪಟ ಲೋಹದಲ್ಲಿ ಎಲೆಕ್ಟ್ರಾನಿಗೆ ಮುಖ್ಯ ಅಡ್ಡಿ ಪರಮಾಣುಗಳ ಕಂಪನ, ಅದು ಬಿಸಿಯೊಂದಿಗೆ ಬೆಳೆಯುತ್ತದೆ. ಮಿಶ್ರಲೋಹದಲ್ಲಿ ಬೆರೆಸಿದ ಹೊರಗಿನ ಪರಮಾಣುಗಳು ಒಡ್ಡುವ ಅಡ್ಡಿಯೇ ದೊಡ್ಡದು, ಅದು ತಾಪಮಾನಕ್ಕೆ ಹೆಚ್ಚು ಜಗ್ಗದು. ಹಾಗಾಗಿ ಬಿಸಿ ಏರಿದಾಗ ಎಲೆಕ್ಟ್ರಾನುಗಳು ಹೊರುವ ಶಾಖದ ಪಾಲೇ ಮೇಲುಗೈ ಪಡೆಯುತ್ತದೆ. ಮಿಶ್ರಲೋಹವನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಅಲ್ಯೂಮಿನಿಯಂ ಬೇರೆ ಕಣಗಳಾಗಿ ಹೊರಬರುವಂತೆ ಮಾಡಿದರೂ ವಾಹಕತೆ ಸುಧಾರಿಸುತ್ತದೆ. ಅದೇ ಸಂಯೋಜನೆ, ಅದೇ ತೂಕ, ಆದರೆ ಅಂಕಿ ಬೇರೆ.

ಅಳತೆಯ ಚರಿತ್ರೆಯಲ್ಲಿ ಎರಡು ಘಟ್ಟಗಳನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. 1961ರಲ್ಲಿ ಅಮೆರಿಕದಲ್ಲಿ ಪಾರ್ಕರ್ ಮತ್ತು ಸಂಗಡಿಗರು ಬೆಳಕಿನ ಮಿಂಚಿನಿಂದ ತೆಳು ಬಿಲ್ಲೆಯ ಒಂದು ಮುಖವನ್ನು ಕಾಯಿಸಿ, ಇನ್ನೊಂದು ಮುಖ ಬಿಸಿಯಾಗುವ ವೇಗವನ್ನು ಅಳೆಯುವ ವಿಧಾನ ರೂಪಿಸಿದರು. 1964ರಲ್ಲಿ ಪೊವೆಲ್, ಹಿಕ್‌ಮನ್ ಮತ್ತು ಟೈ ಮೆಗ್ನೀಸಿಯಂ ಮಿಶ್ರಲೋಹಗಳ ಉಷ್ಣ ಮತ್ತು ವಿದ್ಯುತ್ ವಾಹಕತೆಗಳನ್ನು ಒಟ್ಟಿಗೆ ಅಳೆದು ಪ್ರಕಟಿಸಿದರು. ಎರಡನ್ನೂ ಒಟ್ಟಿಗೆ ಅಳೆದದ್ದೇ ಅದರ ಹಿರಿಮೆ.

ಮದ್ದೂರು ಕಡೆಯ ಆಲೆಮನೆಯವರು, ಉಕ್ಕಿಗಿಂತ ಶಾಖ ಚೆನ್ನಾಗಿ ಹರಿಯುವ ಮೆಗ್ನೀಸಿಯಮ್ಮಿನ ಕೊಪ್ಪರಿಗೆ ಆದೀತೇ ಎಂದು ಕೇಳಿದರೆ ಉತ್ತರ, ಬೇಡ. ಅದು 650 ಡಿಗ್ರಿಗೆ ಕರಗುತ್ತದೆ, ಹೊತ್ತಿಕೊಳ್ಳುವ ಸ್ವಭಾವವೂ ಇದೆ. ಉರಿವ ಕಬ್ಬಿನ ಸಿಪ್ಪೆಯ ಮೇಲಿಡುವ ವಸ್ತುವಲ್ಲ.

ಮಂಡ್ಯಕ್ಕೆ ಈ ವಿಷಯ ಇನ್ನೊಂದು ಬಗೆಯಲ್ಲಿ ಹತ್ತಿರ. ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಪರಮಾಣು ಖನಿಜಗಳ ನಿರ್ದೇಶನಾಲಯ ಮಾಡಿದೆ. ಅದು ಆರಂಭಿಕ ಅಂದಾಜು, ಗಣಿಯಲ್ಲ. ಸುದ್ದಿಯಲ್ಲಿ ಲಿಥಿಯಮ್ಮೆಂದರೆ ಬ್ಯಾಟರಿ ಮಾತ್ರ. ಆದರೆ ಮೆಗ್ನೀಸಿಯಮ್ಮಿಗೆ ಲಿಥಿಯಂ ಬೆರೆಸಿದರೆ ರಚನೆಗೆ ಬಳಸಬಹುದಾದ ಅತಿ ಹಗುರ ಮಿಶ್ರಲೋಹಗಳು ಸಿಗುತ್ತವೆ, ಶೇ. 14 ಲಿಥಿಯಂ ಇರುವ ಎಲ್‌ಎ141 ಲೋಹದ ಚೌಕಟ್ಟಿನಲ್ಲೇ ಸ್ಯಾಟರ್ನ್ 5 ರಾಕೆಟ್ಟಿನ ಕಂಪ್ಯೂಟರ್ ಕುಳಿತಿತ್ತು. ಅಲ್ಲೂ ಬೆರಕೆಯ ಬೆಲೆ ತೆರಲೇಬೇಕು, ಶಾಖ ಹರಿಸುವ ಶಕ್ತಿ ತಗ್ಗುತ್ತದೆ.

ಕೈಪಿಡಿಗಳಲ್ಲಿ ಮಿಶ್ರಲೋಹಕ್ಕೆ ಒಂದೇ ಅಂಕಿ ಬರೆದು ಮುಗಿಸುವ ರೂಢಿ ನನ್ನ ಮಟ್ಟಿಗೆ ದೋಷವೇ ಸರಿ. 1962ರಿಂದ ಮಂಡ್ಯದಲ್ಲಿರುವ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಮಿಂಚಿನ ವಿಧಾನದ ದುಬಾರಿ ಯಂತ್ರವಿಲ್ಲದೆಯೂ ಕೆಲಸ ಶುರುಮಾಡಬಹುದು: ನಾಲ್ಕು ತುದಿಗಳ ವಿಧಾನದಿಂದ ವಿದ್ಯುತ್ ರೋಧವನ್ನು ಬೇರೆಬೇರೆ ತಾಪಮಾನದಲ್ಲಿ ಅಳೆದು, ಲೊರೆಂಜನ ಸೂತ್ರದಿಂದ ಉಷ್ಣವಾಹಕತೆಯನ್ನು ಅಂದಾಜಿಸಬಹುದು. ಅಳೆಯುವವರು ಪ್ರತಿ ಅಂಕಿಯ ಪಕ್ಕದಲ್ಲೂ ತಾಪಮಾನವನ್ನೂ ಲೋಹಕ್ಕೆ ಕೊಟ್ಟ ಉಷ್ಣೋಪಚಾರವನ್ನೂ ತಪ್ಪದೆ ಬರೆದಿಡಲಿ.