ಪ್ಲಾಸ್ಟಿಕ್ ಮರುಬಳಕೆ ಕಂಪನಿಗಳಲ್ಲಿ ಹೂಡಿಕೆ: ಪ್ರಯೋಗಾಲಯದ ಗೆಲುವು ಕಾರ್ಖಾನೆಯ ಗೆಲುವಲ್ಲ

ಬಳಸಿ ಎಸೆದ ಪ್ಲಾಸ್ಟಿಕ್ಕನ್ನು ಹೊಸ ಪ್ಲಾಸ್ಟಿಕ್ಕಿನಷ್ಟೇ ಶುದ್ಧಗೊಳಿಸುವುದಾಗಿ ಹೇಳುವ ತಂತ್ರಜ್ಞಾನ ಕಂಪನಿಗಳು ಕಳೆದ ಒಂದೂವರೆ ದಶಕದಲ್ಲಿ ಹಲವು ದೇಶಗಳಲ್ಲಿ ತಲೆಯೆತ್ತಿವೆ. ಪರಿಸರಕ್ಕೂ ಒಳಿತು, ಹಾಕಿದ ಹಣಕ್ಕೂ ಲಾಭ ಎಂಬ ಭರವಸೆ ಹೂಡಿಕೆದಾರರನ್ನು ಸಹಜವಾಗಿಯೇ ಸೆಳೆಯುತ್ತದೆ. ಆದರೆ ತಂತ್ರಜ್ಞಾನ ಸತ್ಯವಾಗಿರುವುದು ಒಂದು ಸಂಗತಿ, ಅದನ್ನು ನಂಬಿ ಕಟ್ಟಿದ ಕಾರ್ಖಾನೆ ಲಾಭದಲ್ಲಿ ನಡೆಯುವುದು ಮತ್ತೊಂದು ಸಂಗತಿ. ಆರಂಭಿಕ ಹಂತದ ಕಂಪನಿಗಳಲ್ಲಿ ತೊಡಗಿಸಿದ ಹಣ ಬಹುಪಾಲು ಅಪಾಯಕ್ಕೆ ಸಿಲುಕುವುದು ಈ ಎರಡರ ನಡುವಿನ ಅಂತರದಲ್ಲಿ.

ಹೊಸ ತಂತ್ರಜ್ಞಾನ ಏಕೆ?

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 35.3 ಕೋಟಿ ಟನ್. ಅದರಲ್ಲಿ ಮರುಬಳಕೆಯಾದದ್ದು ಶೇ. 9ರಷ್ಟು ಮಾತ್ರ. ಈಗ ಎಲ್ಲೆಡೆ ರೂಢಿಯಲ್ಲಿರುವುದು ಯಾಂತ್ರಿಕ ವಿಧಾನ. ತ್ಯಾಜ್ಯವನ್ನು ಬೇರ್ಪಡಿಸಿ, ತೊಳೆದು, ಚೂರು ಮಾಡಿ, ಕರಗಿಸಿ ಕಾಳಿನ ರೂಪಕ್ಕೆ ತರಲಾಗುತ್ತದೆ. ಇದಕ್ಕೆ ತಗಲುವ ವೆಚ್ಚ ಕಡಿಮೆ. ಆದರೆ ಪ್ರತಿ ಬಾರಿ ಕರಗಿಸಿದಾಗಲೂ ಗುಣಮಟ್ಟ ಕುಸಿಯುತ್ತದೆ; ಬಣ್ಣ, ವಾಸನೆಗಳು ಪೂರ್ಣವಾಗಿ ಹೋಗುವುದಿಲ್ಲ.

ಈ ಕೊರತೆಯನ್ನು ನೀಗಿಸಲು ರಾಸಾಯನಿಕ ದ್ರಾವಕ, ಅಧಿಕ ಉಷ್ಣ ಹಾಗೂ ಕಿಣ್ವಗಳನ್ನು ಬಳಸುವ ವಿಧಾನಗಳು ಬಂದಿವೆ. ಹೊಸ ಕಂಪನಿಗಳು ಬಂಡವಾಳ ಕೇಳುತ್ತಿರುವುದು ಹೆಚ್ಚಾಗಿ ಇವುಗಳಿಗಾಗಿಯೇ.

ಫ್ರಾನ್ಸಿನ ಕಾರ್ಬಿಯೋಸ್

2011ರಲ್ಲಿ ಆರಂಭವಾದ ಕಾರ್ಬಿಯೋಸ್ ಕಂಪನಿಯದು ಕಿಣ್ವದ ತಂತ್ರಜ್ಞಾನ. ನೀರಿನ ಬಾಟಲಿಗಳಲ್ಲಿ ಬಳಸುವ ಪೆಟ್ ಪ್ಲಾಸ್ಟಿಕ್ಕನ್ನು ಕಿಣ್ವವು ಅದರ ಮೂಲ ಘಟಕಗಳಾದ ಟೆರೆಫ್ತಾಲಿಕ್ ಆಮ್ಲ ಹಾಗೂ ಇಥಿಲೀನ್ ಗ್ಲೈಕಾಲ್ ಆಗಿ ಒಡೆಯುತ್ತದೆ. ಹತ್ತು ಗಂಟೆಗಳಲ್ಲಿ ಶೇ. 90ರಷ್ಟು ಪೆಟ್ ಒಡೆದ ಫಲಿತಾಂಶ 2020ರ ಏಪ್ರಿಲ್‌ನಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. 2021ರಲ್ಲಿ ಕ್ಲೆರ್ಮಾಂ-ಫೆರಾಂ ನಗರದಲ್ಲಿ ಪ್ರಾತ್ಯಕ್ಷಿಕೆ ಘಟಕ ಆರಂಭವಾಯಿತು. ಒಂದು ಸುತ್ತಿಗೆ ಎರಡು ಟನ್ ಪೆಟ್, ಅಂದರೆ ಸುಮಾರು ಒಂದು ಲಕ್ಷ ಬಾಟಲಿಗಳನ್ನು ಒಡೆಯುವುದು ಅದರ ಸಾಮರ್ಥ್ಯ.

ಮುಂದಿನ ಹೆಜ್ಜೆ ಲಾಂಗ್ಲವಿಲ್‌ನಲ್ಲಿ ವರ್ಷಕ್ಕೆ 50 ಸಾವಿರ ಟನ್ ಸಾಮರ್ಥ್ಯದ ಕಾರ್ಖಾನೆ. ಅದರ ಅಂದಾಜು ವೆಚ್ಚ ಸುಮಾರು 23 ಕೋಟಿ ಯೂರೊ. 2023ರಲ್ಲಿ ಕಂಪನಿ ಹೊಸ ಷೇರುಗಳನ್ನು ನೀಡಿ ಸುಮಾರು 14 ಕೋಟಿ ಯೂರೊ ಸಂಗ್ರಹಿಸಿತು. ಆದರೂ ಉಳಿದ ಹಣ ಹೊಂದಿಸಲಾಗದೆ 2024ರ ಡಿಸೆಂಬರ್‌ನಲ್ಲಿ ನಿರ್ಮಾಣವನ್ನು ಮುಂದೂಡಬೇಕಾಯಿತು. ಷೇರಿನ ಬೆಲೆ ತೀವ್ರವಾಗಿ ಕುಸಿಯಿತು.

ಇಲ್ಲಿ ವಿಜ್ಞಾನ ಸೋಲಲಿಲ್ಲ, ಬಂಡವಾಳ ಸಾಲಲಿಲ್ಲ. ಹೊಸ ಷೇರು ಬಿಡುಗಡೆಯಾದಾಗ ಮತ್ತೆ ಹಣ ಹಾಕದ ಹಳೆಯ ಷೇರುದಾರರ ಪಾಲಿನ ಪ್ರಮಾಣ ಇಳಿಯುತ್ತದೆ ಎಂಬುದೂ ಗಮನಾರ್ಹ. ಕಾರ್ಖಾನೆ ಕಟ್ಟಿ ಮುಗಿಯುವುದರೊಳಗೆ ಇಂಥ ಕಂಪನಿ ಹಲವು ಬಾರಿ ಷೇರು ನೀಡಬೇಕಾಗಬಹುದು.

ಅಮೆರಿಕದ ಪ್ಯೂರ್‌ಸೈಕಲ್

ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಸಂಸ್ಥೆ ರೂಪಿಸಿದ ತಂತ್ರಜ್ಞಾನದ ಪರವಾನಗಿ ಪಡೆದ ಪ್ಯೂರ್‌ಸೈಕಲ್, ಪಾಲಿಪ್ರೊಪಿಲೀನನ್ನು ದ್ರಾವಕದ ನೆರವಿನಿಂದ ಶುದ್ಧೀಕರಿಸುತ್ತದೆ. 2021ರ ಮಾರ್ಚ್‌ನಲ್ಲಿ ಅದು ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿದಾಗ ದೊಡ್ಡ ಕಾರ್ಖಾನೆ ಇನ್ನೂ ಉತ್ಪಾದನೆ ಆರಂಭಿಸಿರಲಿಲ್ಲ. ಎರಡು ತಿಂಗಳೊಳಗೆ, ಮೇ ತಿಂಗಳಲ್ಲಿ, ಹಿಂಡೆನ್‌ಬರ್ಗ್ ರಿಸರ್ಚ್ ಪ್ರಕಟಿಸಿದ ಟೀಕಾತ್ಮಕ ವರದಿಯಿಂದ ಷೇರಿನ ಬೆಲೆ ಒಂದೇ ದಿನದಲ್ಲಿ ಭಾರಿ ಕುಸಿತ ಕಂಡಿತು. ಒಹಾಯೊ ರಾಜ್ಯದ ಐರನ್‌ಟನ್ ಕಾರ್ಖಾನೆಯಿಂದ ಮೊದಲ ಕಾಳು ಹೊರಬಂದದ್ದು 2023ರ ಜೂನ್‌ನಲ್ಲಿ. ಅದಾದ ಬಳಿಕವೂ ವಿದ್ಯುತ್ ನಿಲುಗಡೆ, ಯಂತ್ರದೋಷಗಳಿಂದ ಉತ್ಪಾದನೆ ಪದೇ ಪದೇ ಅಡ್ಡಿಗೊಂಡಿತು. ಕಾರ್ಖಾನೆ ಉದ್ಘಾಟನೆಯಾದ ದಿನದಿಂದಲೇ ಆದಾಯ ಹರಿದುಬರುತ್ತದೆ ಎಂಬ ಲೆಕ್ಕ ಸರಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ಕಚ್ಚಾವಸ್ತು ಮತ್ತು ಬೆಲೆ

ಪ್ರಯೋಗಾಲಯದಲ್ಲಿ ಬಳಕೆಯಾಗುವುದು ಆರಿಸಿದ, ಶುಚಿಯಾದ ಪ್ಲಾಸ್ಟಿಕ್. ಕಾರ್ಖಾನೆಗೆ ಬರುವುದು ಮಣ್ಣು, ಎಣ್ಣೆ, ಲೇಬಲ್ಲು, ಬೇರೆ ಬೇರೆ ಪ್ಲಾಸ್ಟಿಕ್‌ಗಳು ಬೆರೆತ ರಾಶಿ. ಬೆಂಗಳೂರಿನಂಥ ನಗರದಲ್ಲಿ ಇದನ್ನು ಬೇರ್ಪಡಿಸುವವರು ಚಿಂದಿ ಆಯುವವರು, ಗುಜರಿ ವ್ಯಾಪಾರಿಗಳು ಹಾಗೂ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳ ಕಾರ್ಮಿಕರು. ಪೆಟ್ ಬಾಟಲಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇರುವುದರಿಂದ ಹೊಸ ಕಂಪನಿ ಅದಕ್ಕಾಗಿ ಹಳೆಯ ಮರುಬಳಕೆದಾರರ ಜತೆ ಪೈಪೋಟಿ ನಡೆಸಬೇಕು. ಪದರಪದರವಾದ ತಿಂಡಿ ಪೊಟ್ಟಣಗಳನ್ನು ಕೇಳುವವರು ಕಡಿಮೆ, ಆದರೆ ಅವುಗಳ ಸಂಸ್ಕರಣೆ ಕಠಿಣ.

ಇನ್ನೊಂದು ತೊಡಕು ಮಾರಾಟದ ಬೆಲೆಯದು. ಕಚ್ಚಾ ತೈಲದ ದರ ಇಳಿದಾಗ ಹೊಸ ಪ್ಲಾಸ್ಟಿಕ್ಕೂ ಅಗ್ಗವಾಗುತ್ತದೆ. ಮರುಬಳಕೆಯ ವೆಚ್ಚ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಭಾರತದ ನಿಯಮಗಳು

ಹೀಗಾಗಿ ಈ ಉದ್ಯಮ ಬಹುಮಟ್ಟಿಗೆ ಸರಕಾರದ ನಿಯಮಗಳನ್ನು ನೆಚ್ಚಿಕೊಂಡಿದೆ. ಕೇಂದ್ರ ಸರಕಾರ 2022ರ ಫೆಬ್ರುವರಿಯಲ್ಲಿ ಹೊರಡಿಸಿದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿಯು ಗಡಸು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ 2025-26ರಲ್ಲಿ ಶೇ. 30ರಷ್ಟು, 2028-29ರ ವೇಳೆಗೆ ಶೇ. 60ರಷ್ಟು ಮರುಬಳಕೆಯ ಅಂಶವಿರಬೇಕೆಂಬ ಗುರಿಯನ್ನು ನಿಗದಿಪಡಿಸಿತು. ಮರುಬಳಕೆದಾರರು ಪಡೆಯುವ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಬಳಸುವ ಕಂಪನಿಗಳು ಖರೀದಿಸುತ್ತವೆ. ಆದರೆ ಕರ್ನಾಟಕ, ಗುಜರಾತ್ ಹಾಗೂ ಮಹಾರಾಷ್ಟ್ರದ ನಾಲ್ಕು ಮರುಬಳಕೆ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ 2023ರಲ್ಲಿ ಪತ್ತೆ ಹಚ್ಚಿತು. ಆದ್ದರಿಂದ ಪ್ರಮಾಣಪತ್ರದ ಆದಾಯವೆಷ್ಟು, ಸರಕಿನ ಮಾರಾಟದಿಂದ ಬಂದ ಆದಾಯವೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ನೋಡುವುದು ಅಗತ್ಯ.

ಹೂಡಿಕೆಗೂ ಕಾನೂನಿನ ಚೌಕಟ್ಟಿದೆ. 2013ರ ಕಂಪನಿ ಕಾಯ್ದೆಯಂತೆ ಖಾಸಗಿ ಕಂಪನಿ ಸಾರ್ವಜನಿಕರಿಂದ ಷೇರು ಹಣ ಆಹ್ವಾನಿಸುವಂತಿಲ್ಲ. ಖಾಸಗಿ ನೀಡಿಕೆಗೆ ಜಾಹೀರಾತು ಕೊಡುವಂತೆಯೂ ಇಲ್ಲ. ಕರಪತ್ರ ಹಂಚಿಯೋ ಮೊಬೈಲ್ ಸಂದೇಶ ಕಳುಹಿಸಿಯೋ ಎಲ್ಲರಿಂದಲೂ ಹಣ ಕೇಳುವ ಖಾಸಗಿ ಕಂಪನಿಯನ್ನು ಸಂಶಯದಿಂದಲೇ ನೋಡಬೇಕು. ವಿದೇಶಿ ಷೇರುಗಳನ್ನು ಕೊಳ್ಳುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿಗೆ ಒಳಪಡುತ್ತಾರೆ.

ಹಣ ಹಾಕುವ ಮುನ್ನ

* ಘಟಕ ಎಷ್ಟು ದಿನ ನಿಲ್ಲದೆ ನಡೆದಿದೆ? ಬಳಸಿದ್ದು ಶುಚಿಯಾದ ಮಾದರಿಯೋ, ನಗರದ ತ್ಯಾಜ್ಯವೋ?

* ನೂರು ಕಿಲೋ ತ್ಯಾಜ್ಯ ಹಾಕಿದರೆ ಮಾರಾಟಕ್ಕೆ ಯೋಗ್ಯವಾದ ಸರಕು ಎಷ್ಟು ಕಿಲೋ? ಉಳಿದದ್ದರ ವಿಲೇವಾರಿ ಹೇಗೆ?

* ಖರೀದಿದಾರರ ಒಪ್ಪಂದದಲ್ಲಿ ಬೆಲೆ, ಪ್ರಮಾಣ ನಿಗದಿಯಾಗಿದೆಯೇ? ಅಥವಾ ಅದು ಆಸಕ್ತಿ ಸೂಚಿಸುವ ಪತ್ರವಷ್ಟೇ ಆಗಿದೆಯೇ?

* ಕಾರ್ಖಾನೆ ಮುಗಿಯಲು ಇನ್ನೆಷ್ಟು ಹಣ ಬೇಕು, ಅದು ಎಲ್ಲಿಂದ ಬರಲಿದೆ?

* ಪೇಟೆಂಟ್ ಕಂಪನಿಯ ಸ್ವಂತದ್ದೇ, ಪರವಾನಗಿ ಮೇಲೆ ಪಡೆದದ್ದೇ?

* ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ದೊರೆತಿದೆಯೇ?

ಪಟ್ಟಿಯಾಗದ ಕಂಪನಿಯ ಷೇರನ್ನು ಬೇಕೆಂದಾಗ ಮಾರಲಾಗದು. ಮಕ್ಕಳ ಶಿಕ್ಷಣ, ಮನೆ, ನಿವೃತ್ತಿಗಾಗಿ ಕೂಡಿಟ್ಟ ಹಣಕ್ಕೆ ಇದು ಸ್ಥಳವಲ್ಲ. ಪೂರ್ತಿ ಕಳೆದುಕೊಂಡರೂ ಸಂಸಾರ ಅಲುಗಾಡದಷ್ಟು ಮೊತ್ತವನ್ನು ಮಾತ್ರ, ಅದೂ ಹಲವು ವರ್ಷ ಕಾಯುವ ಸಿದ್ಧತೆಯೊಂದಿಗೆ, ತೊಡಗಿಸುವುದು ವಿವೇಕ. ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಪರಿಹಾರ ಬೇಕೆಂಬುದು ನಿರ್ವಿವಾದ. ಆದರೆ ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಲೆಕ್ಕಪತ್ರ ನೋಡದೆ ಹಣ ಕೊಡಬೇಕಾಗಿಲ್ಲ.