ಬೆಳಕಿಗಿಂತ ಮೊದಲು ಜನ: ಸಂತ ಡೆನಿಸ್ ದೇವಾಲಯ ಕಲಿಸುವ ಪಾಠ

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಮೊನಚು ಕಮಾನುಗಳ ಕೆಳಗೆ ನಿಂತು ಪ್ರಾರ್ಥಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಗೋಥಿಕ್ ಎಂದು ಕರೆಯಲ್ಪಡುವ ಈ ಶೈಲಿಯ ಮೂಲವನ್ನು ಅರಸಿ ಹೊರಟರೆ, ಇತಿಹಾಸಕಾರರು ನಮ್ಮನ್ನು ಪ್ಯಾರಿಸ್ ನಗರದ ಉತ್ತರಕ್ಕಿರುವ ಸಂತ ಡೆನಿಸ್ ಮಠದ ದೇವಾಲಯಕ್ಕೆ ಕರೆದೊಯ್ಯುತ್ತಾರೆ. ದೇವರೇ ಬೆಳಕು ಎಂಬ ದೈವಶಾಸ್ತ್ರವನ್ನು ಹನ್ನೆರಡನೆಯ ಶತಮಾನದ ಮಠಾಧಿಪತಿ ಸುಜೇ ಅವರು ಕಲ್ಲು ಮತ್ತು ಗಾಜಿನಲ್ಲಿ ಮೂಡಿಸಿದರು, ಅದರಿಂದ ಗೋಥಿಕ್ ಹುಟ್ಟಿತು ಎಂದು ನಾವು ತರಗತಿಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಈ ವಿವರಣೆ ಸುಂದರವಾಗಿದೆ, ಆದರೆ ಪೂರ್ಣವಲ್ಲ.

ಬಾಲ್ಯದಲ್ಲೇ ಮಠಕ್ಕೆ ಅರ್ಪಿತರಾಗಿ 1122ರಲ್ಲಿ ಮಠಾಧಿಪತಿಯಾದ ಸುಜೇ, ತಮ್ಮ ಕಟ್ಟಡ ಕಾರ್ಯದ ವೃತ್ತಾಂತವನ್ನು ತಾವೇ ಲತೀನ್ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ದೇವಾಲಯವನ್ನು ವಿಸ್ತರಿಸಲು ಅವರು ಕೊಡುವ ಕಾರಣ ಜನಸಂದಣಿ. ಪ್ರಭುವಿನ ಮೊಳೆ ಹಾಗೂ ಮುಳ್ಳಿನ ಕಿರೀಟದ ಪವಿತ್ರ ಅವಶೇಷಗಳನ್ನು ಗೌರವಿಸಲು ಹಬ್ಬದ ದಿನಗಳಲ್ಲಿ ಬರುತ್ತಿದ್ದ ಯಾತ್ರಿಕರಿಗೆ ಹಳೆಯ ದೇವಾಲಯ ಸಾಲುತ್ತಿರಲಿಲ್ಲ. ಒಳಹೊಕ್ಕವರು ಅಲುಗಾಡಲಾರದೆ ನಿಲ್ಲುತ್ತಿದ್ದರು. ನೂಕುನುಗ್ಗಲಿಗೆ ಸಿಕ್ಕಿದ ಸ್ತ್ರೀಯರು ನೋವಿನಿಂದ ಕೂಗುತ್ತಿದ್ದರು. ಕೆಲವರು ಗಂಡಸರ ತಲೆಗಳ ಮೇಲೆ ಹೆಜ್ಜೆಯಿಟ್ಟೇ ಬಲಿಪೀಠದತ್ತ ಸಾಗಬೇಕಾಗುತ್ತಿತ್ತು. ಅವಶೇಷಗಳನ್ನು ತೋರಿಸುತ್ತಿದ್ದ ಸನ್ಯಾಸಿಗಳು ಅವುಗಳೊಡನೆ ಕಿಟಕಿಯ ಮೂಲಕ ಪಾರಾದದ್ದೂ ಉಂಟು. ಈ ವರ್ಣನೆಯಲ್ಲಿ ಅತಿಶಯ ಇರಬಹುದು. ಆದರೂ ಸುಜೇ ಅವರ ಮನಸ್ಸನ್ನು ಮೊದಲು ತಟ್ಟಿದ ಸಂಗತಿ ಯಾವುದೆಂಬುದರಲ್ಲಿ ಸಂದೇಹವಿಲ್ಲ.

ಅವರು ಕಟ್ಟಿದ ಕ್ರಮವೂ ಇದನ್ನೇ ದೃಢಪಡಿಸುತ್ತದೆ. ಮೊದಲು ಪಶ್ಚಿಮದ ಮುಖಭಾಗವನ್ನು ಮೂರು ವಿಶಾಲ ದ್ವಾರಗಳೊಡನೆ ಕಟ್ಟಿಸಿದರು. ಅದು 1140ರ ಜೂನ್ 9ರಂದು ಪವಿತ್ರೀಕರಣಗೊಂಡಿತು. ಮರುತಿಂಗಳೇ ಪೂರ್ವಭಾಗದ ಕೆಲಸ ಆರಂಭವಾಯಿತು. ಬಲಿಪೀಠದ ಹಿಂದೆ ಅರ್ಧವರ್ತುಲಾಕಾರದ ಜೋಡಿ ಪ್ರದಕ್ಷಿಣಾ ಪಥ, ಅದರ ಹೊರಅಂಚಿನಲ್ಲಿ ಕಿರುಪ್ರಾರ್ಥನಾಲಯಗಳ ಸಾಲು ಎದ್ದು ನಿಂತವು. ಇಲ್ಲಿ ಮೊನಚು ಕಮಾನುಗಳೂ ಛಾವಣಿಯ ಭಾರವನ್ನು ಒಯ್ಯುವ ಕಲ್ಲಿನ ಪಟ್ಟಿಗಳೂ ಒಂದಾಗಿ ಕೆಲಸ ಮಾಡುತ್ತವೆ. ಭಾರವು ತೆಳುವಾದ ಕಂಬಗಳಿಗೆ ಇಳಿಯುವುದರಿಂದ ಪ್ರಾರ್ಥನಾಲಯಗಳ ನಡುವೆ ದಪ್ಪ ಗೋಡೆಗಳು ಬೇಕಾಗಲಿಲ್ಲ. ಜನ ಸುಗಮವಾಗಿ ಸುತ್ತಿ ಬರಲು ಎಡೆಯಾಯಿತು. ಗೋಡೆ ಬಿಟ್ಟುಕೊಟ್ಟ ಜಾಗವನ್ನು ಬಣ್ಣದ ಗಾಜು ತುಂಬಿತು. ಜನರಿಗೆ ದಾರಿ ಮಾಡಿಕೊಟ್ಟ ರಚನೆಯೇ ಬೆಳಕಿಗೂ ದಾರಿ ಮಾಡಿಕೊಟ್ಟಿತು. 1144ರ ಜೂನ್ 11ರಂದು ಅರಸ ಏಳನೆಯ ಲೂಯಿಯ ಸಮ್ಮುಖದಲ್ಲಿ, ನೆರೆದಿದ್ದ ಧರ್ಮಾಧ್ಯಕ್ಷರು ಸುಮಾರು 20 ಬಲಿಪೀಠಗಳನ್ನು ಏಕಕಾಲದಲ್ಲಿ ಪವಿತ್ರೀಕರಿಸಿದರು.

ಹಾಗಾದರೆ ಬೆಳಕಿನ ದೈವಶಾಸ್ತ್ರದ ಪಾತ್ರವೇನು? ಇಲ್ಲಿ ಒಂದೇ ಹೆಸರಿನ ಮೂವರು ವ್ಯಕ್ತಿಗಳನ್ನು ಬೇರ್ಪಡಿಸಬೇಕಾಗುತ್ತದೆ: ಅಥೆನ್ಸಿನಲ್ಲಿ ಪೌಲನ ಬೋಧನೆ ಕೇಳಿ ವಿಶ್ವಾಸಿಯಾದ ಅರಿಯೊಪಾಗದ ದಿಯೊನೀಸಿಯ (ಪ್ರೇ.ಕಾ. 17:34), ಮೂರನೆಯ ಶತಮಾನದಲ್ಲಿ ರಕ್ತಸಾಕ್ಷಿಯಾದ ಪ್ಯಾರಿಸಿನ ಧರ್ಮಾಧ್ಯಕ್ಷ ಡೆನಿಸ್, ಮತ್ತು ಸುಮಾರು 500ರ ಹೊತ್ತಿಗೆ ದಿಯೊನೀಸಿಯನ ಹೆಸರಿನಲ್ಲಿ ಗ್ರೀಕ್ ಗ್ರಂಥಗಳನ್ನು ರಚಿಸಿದ ಅಜ್ಞಾತ ಲೇಖಕ. ಬೈಜಾಂಟಿಯದ ಚಕ್ರವರ್ತಿ ಈ ಗ್ರಂಥಗಳನ್ನು 827ರಲ್ಲಿ ಫ್ರಾಂಕರ ಅರಸನಿಗೆ ಕಳುಹಿಸಿಕೊಟ್ಟನು. ಆಗಿನ ಮಠಾಧಿಪತಿ ಹಿಲ್ದುಯಿನ್ ಮೂವರನ್ನೂ ಒಬ್ಬನೇ ಎಂದು ಸಾರಿದರು. ಈ ನಂಬಿಕೆಯನ್ನು ಪ್ರಶ್ನಿಸಿದ ಅಬೆಲಾರ್ಡ್ ಇದೇ ಮಠದ ಸಹೋದರರ ಕೋಪಕ್ಕೆ ಗುರಿಯಾಗಿ ಓಡಿಹೋಗಬೇಕಾಯಿತು. ಸುಜೇ ಅವರ ಬರಹದಲ್ಲಿ ಈ ಗ್ರಂಥಗಳ ಆಳವಾದ ಪ್ರಭಾವವನ್ನು ಎರ್ವಿನ್ ಪನೋಫ್‌ಸ್ಕಿ 1946ರಲ್ಲಿ ಗುರುತಿಸಿದರು; 1987ರಲ್ಲಿ ಪೀಟರ್ ಕಿಡ್ಸನ್ ಅದನ್ನು ಬಲವಾಗಿ ಅಲ್ಲಗಳೆದರು. ಸುಜೇ ಬೆಳಕನ್ನು ಪ್ರೀತಿಸಿದರು, ದೃಶ್ಯದ ಮೂಲಕ ಮನಸ್ಸು ಅದೃಶ್ಯದೆಡೆಗೆ ಏರುತ್ತದೆ ಎಂದು ನಂಬಿದ್ದರು ಎಂಬುದು ನಿಜ. ಆದರೆ ಒಂದು ದಾರ್ಶನಿಕ ಗ್ರಂಥವನ್ನು ಮುಂದಿಟ್ಟುಕೊಂಡು ಅವರು ನಕ್ಷೆ ಬರೆಸಿದರೆನ್ನಲು ಆಧಾರ ಸಾಲದೆಂಬುದು ನಮ್ಮ ಅಭಿಪ್ರಾಯ.

ಸುಜೇ ಅವರನ್ನು ಆದರ್ಶ ಪುರುಷರನ್ನಾಗಿಸುವುದು ನಮ್ಮ ಉದ್ದೇಶವಲ್ಲ. ಅವರಿಗೆ ಚಿನ್ನ, ರತ್ನಗಳ ಮೋಹವಿತ್ತು. ಇತ್ತ ಸಂತ ಬರ್ನಾರ್ಡರು ಸುಮಾರು 1125ರಲ್ಲಿಯೇ, ಬಡವರು ಹಸಿದಿರುವಾಗ ಸನ್ಯಾಸಿಗಳು ದೇವಾಲಯದ ಅಲಂಕಾರಕ್ಕೆ ಹಣ ಸುರಿಯುವುದನ್ನು ಕಟುವಾಗಿ ಖಂಡಿಸಿದ್ದರು. ವಿಪರ್ಯಾಸವೆಂದರೆ, ಸುಜೇ ಮಾಡಿಸಿದ ಮಹಾ ಶಿಲುಬೆಯ ರತ್ನಗಳಲ್ಲಿ ಹಲವು ಬರ್ನಾರ್ಡರ ಸಿಸ್ಟರ್ಸಿಯನ್ ಸಭೆಯ ಮಠಗಳಿಂದಲೇ ಬಂದವು. ದಾನವಾಗಿ ಸಿಕ್ಕ ರತ್ನಗಳು ತಮಗೆ ಬೇಡವೆಂದು ಅವರು ಮಾರಿದರು. ಸುಜೇ ಸಂತೋಷದಿಂದ ಕೊಂಡರು. ಬರ್ನಾರ್ಡರ ಪ್ರಶ್ನೆಗೆ ಸುಜೇ ಅವರ ಬಳಿ ಪೂರ್ಣವಾದ ಉತ್ತರವಿರಲಿಲ್ಲವೆಂದೇ ನಮಗನಿಸುತ್ತದೆ.

ಉತ್ತರವನ್ನು ಕಾಲವೇ ಕೊಟ್ಟಿತೆನ್ನಬಹುದು. 1231ರಿಂದ ದೇವಾಲಯದ ನಡುಭಾಗವನ್ನೂ ಪೂರ್ವದ ಮೇಲ್ಭಾಗವನ್ನೂ ಹೊಸದಾಗಿ ಕಟ್ಟಲಾಯಿತು. 1793ರಲ್ಲಿ ಕ್ರಾಂತಿಕಾರಿಗಳು ಅಲ್ಲಿನ ರಾಜಸಮಾಧಿಗಳನ್ನು ಅಗೆದು ಅಸ್ಥಿಗಳನ್ನು ಗುಂಡಿಗೆಸೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದ ಗೋಪುರವನ್ನು ಕಳಚಬೇಕಾಯಿತು. ಸುಜೇ ಅವರ ಚಿನ್ನದ ಶಿಲುಬೆ ಇಂದು ಇಲ್ಲ. ಆದರೆ ಜನ ನಡೆದಾಡಲೆಂದು ಅವರು ಕಟ್ಟಿಸಿದ ದ್ವಾರಗಳೂ ಪ್ರದಕ್ಷಿಣಾ ಪಥವೂ ಉಳಿದಿವೆ. 1966ರಿಂದ ಈ ದೇವಾಲಯ ಹೊಸ ಧರ್ಮಪ್ರಾಂತ್ಯವೊಂದರ ಪ್ರಧಾನಾಲಯವಾಗಿದೆ. ಅರಸರ ಸಮಾಧಿಗಳ ನಡುವೆ ಇಂದು ಪ್ಯಾರಿಸಿನ ಹೊರವಲಯದ ದುಡಿಯುವ ಜನರೂ ದೂರದೇಶಗಳಿಂದ ವಲಸೆ ಬಂದವರೂ ಬಲಿಪೂಜೆಗೆ ಸೇರುತ್ತಾರೆ.

ಗುರುಗಳಾದ ನಮ್ಮಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ದೇವಾಲಯ ಕಟ್ಟುವ ಇಲ್ಲವೇ ದುರಸ್ತಿ ಮಾಡಿಸುವ ಹೊಣೆ ಹೊರಬೇಕಾದವರೇ. ಆಗ ಗೋಪುರದ ಎತ್ತರ, ಅಮೃತಶಿಲೆಯ ಬೆಲೆ, ದಾನಿಗಳ ಹೆಸರಿನ ಫಲಕ ಇವೆಲ್ಲ ಚರ್ಚೆಗೆ ಬರುತ್ತವೆ. ಆ ಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಸಂತ ಡೆನಿಸ್ ನಮಗೆ ಕಲಿಸುತ್ತದೆ: ಬಲಿಪೀಠದ ಬಳಿಗೆ ಬರಲಾಗದೆ ಹಿಂದೆ ಉಳಿದವರು ಯಾರು?