ಶಾಂತವೇರಿ ಗೋಪಾಲಗೌಡರೂ ಮೈಸೂರು ವಿಧಾನಸಭೆಯ ಚುನಾವಣೆಗಳೂ

ಶಾಸನಸಭೆಗಳ ಇತಿಹಾಸವನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಮುಖ್ಯಮಂತ್ರಿಗಳ ಹಾಗೂ ಸಚಿವರ ಕಾರ್ಯಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತೇವೆ. ಅಧಿಕಾರದ ಸ್ಥಾನವನ್ನು ಒಮ್ಮೆಯೂ ಪಡೆಯದೆ ವಿರೋಧಪಕ್ಷದಲ್ಲಿಯೇ ಕುಳಿತ ಸದಸ್ಯನ ಕಾರ್ಯವನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೂರು ಸಲ ಮೈಸೂರು ವಿಧಾನಸಭೆಯ ಸದಸ್ಯರಾಗಿದ್ದ ಶಾಂತವೇರಿ ಗೋಪಾಲಗೌಡರ (1923–1972) ರಾಜಕೀಯ ಜೀವನವು ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ಉದಾಹರಣೆಯೆಂದು ನಾವು ಭಾವಿಸುತ್ತೇವೆ.

ಗೋಪಾಲಗೌಡರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. ವಿದ್ಯಾರ್ಥಿದೆಸೆಯಲ್ಲಿಯೇ 1942ರ ಚಳವಳಿಗೆ ಧುಮುಕಿ, ಬಳಿಕ ಸಮಾಜವಾದಿ ಪಕ್ಷವನ್ನು ಸೇರಿದರು. ಅವರನ್ನು ಸಾರ್ವಜನಿಕ ಜೀವನದ ಮುಂಚೂಣಿಗೆ ತಂದದ್ದು 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರಿಗೂ ಭೂಮಾಲೀಕರಿಗೂ ನಡುವೆ ಎದ್ದ ವಿವಾದದ ಮೂಲ ಗೇಣಿಯ ಭತ್ತವನ್ನು ಅಳೆಯುವ ಕೊಳಗ. ವಾಡಿಕೆಗಿಂತ ಹೆಚ್ಚು ಸೇರು ಹಿಡಿಯುವ ಕೊಳಗದಿಂದ ಗೇಣಿ ಅಳೆಯಬಾರದೆಂದು ರೈತರು ಕೇಳಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ರೈತರನ್ನು ಗೇಣಿಯ ಭೂಮಿಯಿಂದ ಬಿಡಿಸಿದಾಗ ಸತ್ಯಾಗ್ರಹ ಆರಂಭವಾಯಿತು, ಗದ್ದೆಗಿಳಿದವರನ್ನು ಬಂಧಿಸಲಾಯಿತು. ಸಮಾಜವಾದಿ ಪಕ್ಷವು ಹೋರಾಟದ ಹೊಣೆಯನ್ನು ಹೊತ್ತಿತು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೂ ಇಲ್ಲಿಗೆ ಬಂದು ಬಂಧಿತರಾದರು.

ಈ ಸತ್ಯಾಗ್ರಹಕ್ಕೂ ಮೊದಲ ಮಹಾಚುನಾವಣೆಗೂ ನಡುವೆ ಒಂದು ವರ್ಷದ ಅಂತರವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಸಂಸ್ಥಾನದ ಕಾಲದ ಪ್ರಜಾಪ್ರತಿನಿಧಿ ಸಭೆಯ ಮತದಾನವು ಕಂದಾಯ, ಆಸ್ತಿ, ವಿದ್ಯೆಗಳನ್ನು ಅವಲಂಬಿಸಿತ್ತು. ತನ್ನ ಹೆಸರಿನಲ್ಲಿ ಭೂಮಿಯಿಲ್ಲದ ಗೇಣಿದಾರನಿಗೆ ಅಲ್ಲಿ ಸಾಮಾನ್ಯವಾಗಿ ಸ್ಥಾನವಿರಲಿಲ್ಲ. 1952ರ ಚುನಾವಣೆಯಲ್ಲಿ ಅವನಿಗೂ ಭೂಮಾಲೀಕನಿಗೂ ತಲಾ ಒಂದೇ ಮತ. 1951ರಲ್ಲಿ ಗದ್ದೆಯಿಂದ ಹೊರಗಾದವನು ಮರುವರ್ಷ ಮತದಾರನಾಗಿ ನಿಂತನು. ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಆರಿಸಿ ಬಂದುದನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಆಗ ಅವರ ವಯಸ್ಸು 29ನ್ನೂ ಮುಟ್ಟಿರಲಿಲ್ಲ. 99 ಸ್ಥಾನಗಳ ಆ ಸಭೆಯಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಕೇವಲ 3 ಸ್ಥಾನಗಳು ದೊರೆತಿದ್ದವು.

ಮುಂದಿನ ದಾರಿ ಸುಗಮವಾಗಿರಲಿಲ್ಲ. 1955ರ ಕೊನೆಯಲ್ಲಿ ಸಮಾಜವಾದಿಗಳು ಒಡೆದು, ಲೋಹಿಯಾ ಅವರ ಅನುಯಾಯಿಗಳು ಪ್ರತ್ಯೇಕ ಪಕ್ಷವಾದರು. ಗೋಪಾಲಗೌಡರು ಲೋಹಿಯಾ ಅವರೊಡನೆ ನಿಂತರು. 1957ರಿಂದ 1962ರವರೆಗೆ ಅವರು ಸಭೆಯ ಹೊರಗಿದ್ದರು. 1962ರಲ್ಲಿ ಅವರು ಸಭೆಗೆ ಮರಳಿದಾಗ, 208 ಸ್ಥಾನಗಳ ಪೈಕಿ ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ 20, ಲೋಹಿಯಾ ಅವರ ಸೋಷಲಿಸ್ಟ್ ಪಕ್ಷಕ್ಕೆ 1 ಸ್ಥಾನ ಮಾತ್ರ ಸಂದಿತ್ತು. 1967ರಲ್ಲಿ ಅವರು ತೀರ್ಥಹಳ್ಳಿಯಿಂದ ಗೆದ್ದರು. 216 ಸದಸ್ಯರ ಆ ಸಭೆಯಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದವರು 6 ಮಂದಿ, ಸೊರಬದ ಎಸ್. ಬಂಗಾರಪ್ಪನವರು ಅವರಲ್ಲೊಬ್ಬರು. ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಆಡಳಿತವು ಜನರ ಭಾಷೆಯಲ್ಲಿ ನಡೆಯಬೇಕೆಂಬುದು ಗೋಪಾಲಗೌಡರೂ ಹಿಡಿದು ಸಾಧಿಸಿದ ವಾದವೇ ಆಗಿತ್ತು.

ಈ ಚುನಾವಣೆಗಳ ವೆಚ್ಚದ ವಿಚಾರ ವಿಶೇಷವಾದುದು. ಮತದೊಡನೆ ಒಂದು ನೋಟನ್ನೂ ಕೊಡಿರೆಂದು ಗೋಪಾಲಗೌಡರು ಮತದಾರರನ್ನೇ ಬೇಡಿದರು. ಇದನ್ನು ಕೇವಲ ಬಡ ಅಭ್ಯರ್ಥಿಯ ಉಪಾಯವೆಂದು ತಿಳಿಯುವುದು ಸಾಲದು. ಅಭ್ಯರ್ಥಿಗೆ ಹಣ ಕೊಟ್ಟ ಮತದಾರನು ಅವನಿಂದ ಲೆಕ್ಕ ಕೇಳುವ ಹಕ್ಕನ್ನು ಪಡೆಯುತ್ತಾನೆ. ಅಭ್ಯರ್ಥಿಯಿಂದ ಹಣ ಪಡೆದವನು ಆ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಇನ್ನು ಫಲದ ವಿಚಾರ. 1961ರ ಮೈಸೂರು ಭೂಸುಧಾರಣಾ ಶಾಸನವು ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ಅದು ಮಾಲೀಕರಿಗೆ ಅವಕಾಶವಿತ್ತಿತ್ತು. ಗೇಣಿ ಪದ್ಧತಿಯನ್ನು ಬಹುಮಟ್ಟಿಗೆ ಕೊನೆಗಾಣಿಸಿ, ಗೇಣಿ ಭೂಮಿಯನ್ನು ಸರ್ಕಾರದಲ್ಲಿ ನಿಹಿತಗೊಳಿಸಿ, ಭೂ ನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಹಕ್ಕನ್ನು ಕೊಟ್ಟದ್ದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ. ಅದನ್ನು ತಂದದ್ದು ಡಿ. ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಗೋಪಾಲಗೌಡರು 1972ರ ಜೂನ್ 9ರಂದೇ ತೀರಿಕೊಂಡಿದ್ದರು. ಅವರು ಬಯಸಿದ್ದ ಕರ್ನಾಟಕವೆಂಬ ಹೆಸರು ರಾಜ್ಯಕ್ಕೆ ಬಂದುದೂ ಅವರ ಮರಣಾನಂತರ, 1973ರ ನವೆಂಬರ್ 1ರಂದು.

ಇದರಿಂದ ಎಲ್ಲ ಶ್ರೇಯಸ್ಸನ್ನೂ ಒಬ್ಬರಿಗೇ ಸಲ್ಲಿಸುವುದು ಇತಿಹಾಸದ ಕ್ರಮವಾಗದು. ಗೇಣಿ ಶಾಸನಗಳನ್ನು ಕಂದಾಯ ಸಚಿವರಾಗಿ ಮುಂದೆ ತಂದ ಕಡಿದಾಳ್ ಮಂಜಪ್ಪನವರು ಕಾಂಗ್ರೆಸ್ಸಿಗರು, ಅದೇ ತೀರ್ಥಹಳ್ಳಿ ತಾಲ್ಲೂಕಿನವರು. ಗೇಣಿಯೂ ಇಲ್ಲದ ಕೃಷಿ ಕಾರ್ಮಿಕನಿಗೆ 1974ರ ತಿದ್ದುಪಡಿಯಿಂದ ದೊರೆತುದು ಅಲ್ಪವೆಂಬುದನ್ನೂ ಮರೆಯಲಾಗದು. ಆದರೆ ಶಾಸನವನ್ನು ಬರೆಯುವ ಕೈ ಬೇರೆ, ಅದನ್ನು ಅನಿವಾರ್ಯಗೊಳಿಸುವ ಒತ್ತಾಯ ಬೇರೆ. ಕೊಳಗದ ಅಳತೆಯಿಂದ ಹೊರಟ ವಿವಾದವನ್ನು ಭೂಒಡೆತನದ ಪ್ರಶ್ನೆಯಾಗಿ ಬೆಳೆಸಿ, ಇಪ್ಪತ್ತು ವರ್ಷ ಸಭೆಯ ಒಳಗೂ ಹೊರಗೂ ಆರದಂತೆ ಕಾಪಾಡಿದವರಲ್ಲಿ ಗೋಪಾಲಗೌಡರು ಪ್ರಮುಖರು.

ಗೆದ್ದ ಚುನಾವಣೆಗಳ ಸಂಖ್ಯೆಯನ್ನೇ ಎಣಿಸಿದರೆ ಅವರದು ಸಾಧಾರಣ ದಾಖಲೆ. ಪಕ್ಷದ ಬಲವನ್ನು ಎಣಿಸಿದರೆ ಇನ್ನೂ ಅಲ್ಪ. ಆದರೂ 3, 1, 6 ಎಂಬ ಆ ಸಣ್ಣ ಅಂಕಿಗಳ ಹಿಂದೆ, ಮೊದಲ ಬಾರಿಗೆ ಮತ ಪಡೆದ ಗೇಣಿದಾರನು ತನ್ನ ಮಾತನ್ನು ಶಾಸನಸಭೆಯವರೆಗೆ ಮುಟ್ಟಿಸಿದ ಚರಿತ್ರೆಯಿದೆ. ನಮ್ಮ ಜಿಲ್ಲೆಗಳ ಚುನಾವಣಾ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಫಲಿತಾಂಶದ ಪಟ್ಟಿಗಳೊಡನೆ ಗೇಣಿಯ ಲೆಕ್ಕಗಳನ್ನೂ ಕಂದಾಯದ ಕಡತಗಳನ್ನೂ ಇಟ್ಟು ಓದುವುದು ಆವಶ್ಯಕವೆಂದು ನಾವು ಅಭಿಪ್ರಾಯಪಡುತ್ತೇವೆ.